ಕುಡಿದು ಗಾಡಿ ಓಡಿಸಿದ ಹಳೇ ಕೇಸು: ಅಮೆರಿಕದಲ್ಲಿ ಡಾಕ್ಟರ್ ಆಗಲು ಅಡ್ಡ ಬರುತ್ತದಾ?

2025ರ ನವೆಂಬರ್‌ನಲ್ಲಿ ಅಮೆರಿಕದ ವಿದೇಶಾಂಗ ಇಲಾಖೆಯಿಂದ ಒಂದು ಲೆಕ್ಕ ಹೊರಬಿತ್ತು. ಆ ವರ್ಷದ ಜನವರಿಯಿಂದ ಸುಮಾರು 80,000 ವೀಸಾಗಳನ್ನು ರದ್ದು ಮಾಡಲಾಗಿತ್ತು. ಅದರಲ್ಲಿ ಸುಮಾರು 16,000 ರದ್ದಾಗಿದ್ದು ಕುಡಿದು ಗಾಡಿ ಓಡಿಸಿದ ಕಾರಣಕ್ಕೆ. ಹಲ್ಲೆ ಕೇಸುಗಳಿಗಿಂತ, ಕಳ್ಳತನದ ಕೇಸುಗಳಿಗಿಂತ ಇದೇ ಜಾಸ್ತಿ.

ಇದು ನಮಗ್ಯಾಕೆ ಅಂತೀರಾ? ಕರ್ನಾಟಕದಲ್ಲಿ ಎಂಬಿಬಿಎಸ್ ಮುಗಿಸಿ ಅಮೆರಿಕದ ರೆಸಿಡೆನ್ಸಿಗೆ, ಅಂದರೆ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಲೇ ಪಡೆಯುವ ತಜ್ಞ ತರಬೇತಿಗೆ, ತಯಾರಾಗುವ ಹುಡುಗ ಹುಡುಗಿಯರು ಪ್ರತಿ ವರ್ಷವೂ ಇರುತ್ತಾರೆ. ಅಲ್ಲೇ ಹುಟ್ಟಿ ಬೆಳೆದು ಮೆಡಿಕಲ್ ಸ್ಕೂಲ್‌ಗೆ ಅರ್ಜಿ ಹಾಕುವ ಕನ್ನಡದ ಮಕ್ಕಳೂ ಇದ್ದಾರೆ. ಇವರಲ್ಲಿ ಯಾರಾದರೂ ಇಪ್ಪತ್ತರ ವಯಸ್ಸಿನಲ್ಲಿ ಒಂದು ರಾತ್ರಿ ಪೊಲೀಸರ ಕೈಗೆ ಸಿಕ್ಕಿಬಿದ್ದಿದ್ದರೆ ಮುಂದೇನು?

ಒಂದೇ ಒಂದು ಹಳೇ ಕೇಸಿನಿಂದ ಸಾಮಾನ್ಯವಾಗಿ ಬಾಗಿಲು ಪೂರ್ತಿ ಮುಚ್ಚುವುದಿಲ್ಲ. ಆದರೆ ಕೋರ್ಟಿನಲ್ಲಿ ಮುಗಿದ ಕೇಸು ಎಲ್ಲ ಕಡೆಯೂ ಮುಗಿದಿರುವುದಿಲ್ಲ. ಮೆಡಿಕಲ್ ಸ್ಕೂಲ್, ರೆಸಿಡೆನ್ಸಿ, ವೈದ್ಯರಿಗೆ ಲೈಸೆನ್ಸ್ ಕೊಡುವ ಮಂಡಳಿ, ವೀಸಾ ಅಧಿಕಾರಿ ಎಲ್ಲರೂ ಅದೇ ರಾತ್ರಿಯ ಬಗ್ಗೆ ಕೇಳುತ್ತಾರೆ. ಪ್ರತಿಯೊಬ್ಬರ ಪ್ರಶ್ನೆಯ ಮಾತೇ ಬೇರೆ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ಪದಗಳು ಗೊತ್ತಿರಲಿ

ನಮ್ಮಲ್ಲಿ ‘ಡ್ರಂಕ್ ಆಂಡ್ ಡ್ರೈವ್’ ಅನ್ನುವುದನ್ನು ಅಮೆರಿಕದಲ್ಲಿ ಡಿಯುಐ ಅನ್ನುತ್ತಾರೆ. ಕೆಲವು ರಾಜ್ಯಗಳಲ್ಲಿ ಅದರ ಹೆಸರು ಡಿಡಬ್ಲ್ಯುಐ ಅಥವಾ ಒಡಬ್ಲ್ಯುಐ. ರಕ್ತದಲ್ಲಿ ಎಷ್ಟು ಮದ್ಯ ಇದೆ ಅನ್ನುವ ಅಳತೆ ಬಿಎಸಿ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ಮಿತಿ 0.08, ಅಂದರೆ 100 ಮಿಲಿ ಲೀಟರ್ ರಕ್ತಕ್ಕೆ 80 ಮಿಲಿಗ್ರಾಂ. ಯೂಟಾ ರಾಜ್ಯ 2018ರ ಕೊನೆಯಲ್ಲಿ ಅದನ್ನು 0.05ಕ್ಕೆ ಇಳಿಸಿತು. ಭಾರತದಲ್ಲಿ ಮಿತಿ ಇನ್ನೂ ಕಡಿಮೆ, ಬರೀ 30 ಮಿಲಿಗ್ರಾಂ. 21 ತುಂಬದವರಿಗೆ ಅಮೆರಿಕದಲ್ಲೂ ಕಾನೂನು ಬಿಗಿ. ಅವರು ಒಂದು ಬಿಯರ್ ಕುಡಿದು ಸ್ಟೀರಿಂಗ್ ಹಿಡಿದರೂ ಸಿಕ್ಕಿಬೀಳಬಹುದು.

ಅಲ್ಲಿ ಅಪರಾಧಗಳನ್ನು ಎರಡು ದೊಡ್ಡ ಗುಂಪು ಮಾಡುತ್ತಾರೆ. ಸಣ್ಣದು ಮಿಸ್‌ಡಿಮೀನರ್, ದೊಡ್ಡದು ಫೆಲನಿ. ಯಾರಿಗೂ ಗಾಯವಾಗದ ಮೊದಲ ಡಿಯುಐ ಹೆಚ್ಚಿನ ರಾಜ್ಯಗಳಲ್ಲಿ ಮಿಸ್‌ಡಿಮೀನರ್. ಯಾರಿಗಾದರೂ ಗಂಭೀರ ಗಾಯವಾದರೆ ಅಥವಾ ಅದೇ ಕೇಸು ಮತ್ತೆ ಮತ್ತೆ ಆದರೆ ಫೆಲನಿಯಾಗುತ್ತದೆ. ವಿಸ್ಕಾನ್ಸಿನ್‌ನಲ್ಲಿ ಮೊದಲ ಸಲ ಸಿಕ್ಕಿಬಿದ್ದರೆ ಅದು ಸಾಮಾನ್ಯವಾಗಿ ಕ್ರಿಮಿನಲ್ ಅಪರಾಧವೇ ಅಲ್ಲ. ನ್ಯೂಜೆರ್ಸಿ ಅದನ್ನು ಟ್ರಾಫಿಕ್ ಉಲ್ಲಂಘನೆ ಎಂದಷ್ಟೇ ನೋಡುತ್ತದೆ. ಹಾಗಾಗಿ ‘ನನ್ನದು ಮಿಸ್‌ಡಿಮೀನರ್ರಾ?’ ಅನ್ನುವುದಕ್ಕೆ ಉತ್ತರ ಇರುವುದು ಆ ರಾಜ್ಯದ ಕಾನೂನಿನಲ್ಲಿ. ಫ್ರೆಂಡ್ ಹೇಳಿದ್ದನ್ನು ನಂಬಿ ಕೂರುವ ವಿಷಯ ಅಲ್ಲ ಇದು.

ಇನ್ನೊಂದು ವ್ಯತ್ಯಾಸ ಇದೆ. ಬಂಧನ ಬೇರೆ, ಶಿಕ್ಷೆ ಬೇರೆ. ಪೊಲೀಸರು ಹಿಡಿದುಕೊಂಡು ಹೋದರೆ ಬಂಧನ. ಕೋರ್ಟಿನಲ್ಲಿ ತಪ್ಪು ಒಪ್ಪಿಕೊಂಡರೆ, ಅಥವಾ ವಿಚಾರಣೆಯಲ್ಲಿ ತಪ್ಪಿತಸ್ಥ ಎಂದು ತೀರ್ಮಾನವಾದರೆ ಶಿಕ್ಷೆ. ನಡುವೆ ‘ನೋ ಕಾಂಟೆಸ್ಟ್’ ಅನ್ನುವ ದಾರಿಯೂ ಉಂಟು. ತಪ್ಪು ಮಾಡಿದ್ದೇನೆ ಎಂದು ಬಾಯಿಬಿಟ್ಟು ಹೇಳುವುದಿಲ್ಲ, ಆರೋಪವನ್ನು ಪ್ರಶ್ನಿಸುವುದೂ ಇಲ್ಲ. ಆದರೂ ಫಲ ಬಹುಮಟ್ಟಿಗೆ ಶಿಕ್ಷೆಯಾದಂತೆಯೇ.

ನಮ್ಮಲ್ಲಿ ರ‍್ಯಾಂಕ್, ಅಲ್ಲಿ ನಡತೆಯೂ

ನಮ್ಮಲ್ಲಿ ಎಂಬಿಬಿಎಸ್ ಸೀಟು ಸಿಗುವುದು ನೀಟ್ ಅಂಕದ ಮೇಲೆ. ರ‍್ಯಾಂಕ್ ಬಂತಾ, ಕೌನ್ಸೆಲಿಂಗ್‌ನಲ್ಲಿ ಸೀಟು ಬಂತಾ, ಮುಗಿಯಿತು. ನೀವು ಎಂಥ ಮನುಷ್ಯ ಎಂದು ಯಾರೂ ಕೂರಿಸಿ ಕೇಳುವುದಿಲ್ಲ.

ಅಮೆರಿಕದಲ್ಲಿ ಮೊದಲು ನಾಲ್ಕು ವರ್ಷದ ಪದವಿ, ಆಮೇಲೆ ಎಂಕ್ಯಾಟ್ ಎಂಬ ಪ್ರವೇಶ ಪರೀಕ್ಷೆ, ಆಮೇಲೆ ಅರ್ಜಿ. ಅಂಕದ ಜತೆಗೆ ಪ್ರಬಂಧ, ಶಿಫಾರಸು ಪತ್ರ, ಸೇವೆಯ ಅನುಭವ, ಸಂದರ್ಶನ ಎಲ್ಲವನ್ನೂ ತೂಗುತ್ತಾರೆ. ನಂತರ ನಾಲ್ಕು ವರ್ಷ ಮೆಡಿಕಲ್ ಸ್ಕೂಲ್, ಅದಾದ ಮೇಲೆ ಮೂರರಿಂದ ಏಳು ವರ್ಷದ ರೆಸಿಡೆನ್ಸಿ. ಭಾರತದಲ್ಲಿ ಎಂಬಿಬಿಎಸ್ ಮಾಡಿದವರು ಮೊದಲ ಹಂತಗಳನ್ನು ದಾಟಿ ನೇರವಾಗಿ ರೆಸಿಡೆನ್ಸಿಗೆ ಹೋಗುತ್ತಾರೆ.

ನಡತೆಗೆ ಇಷ್ಟು ಬೆಲೆ ಯಾಕೆ ಅನ್ನುವುದಕ್ಕೆ 2005ರ ಒಂದು ಅಧ್ಯಯನ ಸ್ವಲ್ಪ ಉತ್ತರ ಕೊಡುತ್ತದೆ. ವೈದ್ಯ ಮಂಡಳಿಗಳಿಂದ ಶಿಸ್ತು ಕ್ರಮಕ್ಕೆ ಒಳಗಾದ 235 ವೈದ್ಯರ ಮೆಡಿಕಲ್ ಸ್ಕೂಲ್ ದಾಖಲೆಗಳನ್ನು ಅದರಲ್ಲಿ ಬಿಚ್ಚಿ ನೋಡಿದರು. ಓದುವ ಕಾಲದಲ್ಲೇ ಹೊಣೆಗೇಡಿಯಾಗಿ ನಡೆದುಕೊಂಡವರು ಮುಂದೆ ಶಿಸ್ತು ಕ್ರಮಕ್ಕೆ ಒಳಗಾಗುವ ಸಾಧ್ಯತೆ ಜಾಸ್ತಿ ಎಂದು ಕಂಡಿತು. ಅದು ಡಿಯುಐ ಬಗ್ಗೆ ನಡೆದ ಅಧ್ಯಯನವಲ್ಲ. ಆದರೆ ಹಳೆಯ ನಡತೆಯನ್ನು ಕಡೆಗಣಿಸಬಾರದು ಅನ್ನುವ ಮಾತಿಗೆ ಅದು ಬಲ ಕೊಟ್ಟಿತು.

ಫಾರಂ ಕೇಳುವುದೇನು?

ಎಂಡಿ ಪದವಿ (ಅಲ್ಲಿ ಅದು ನಮ್ಮ ಎಂಬಿಬಿಎಸ್ ಇದ್ದಂತೆ) ಕೊಡುವ ಹೆಚ್ಚಿನ ಸ್ಕೂಲ್‌ಗಳಿಗೆ ಆಮ್ಕಾಸ್ ಎಂಬ ಒಂದೇ ವ್ಯವಸ್ಥೆಯ ಮೂಲಕ ಅರ್ಜಿ ಹೋಗುತ್ತದೆ. ಅದನ್ನು ನಡೆಸುವುದು ಅಮೆರಿಕದ ಮೆಡಿಕಲ್ ಕಾಲೇಜುಗಳ ಸಂಘ, ಎಎಎಂಸಿ. ಡಿಒ ಎಂಬ ಇನ್ನೊಂದು ಬಗೆಯ ವೈದ್ಯ ಪದವಿಗೆ ಬೇರೆ ವ್ಯವಸ್ಥೆ ಇದೆ, ಟೆಕ್ಸಸ್‌ನ ಸರ್ಕಾರಿ ಸ್ಕೂಲ್‌ಗಳಿಗೆ ಇನ್ನೊಂದು. ಇದರ ಮೇಲೆ ಹೆಚ್ಚಿನ ಸ್ಕೂಲ್‌ಗಳದ್ದು ತನ್ನದೇ ಎರಡನೇ ಅರ್ಜಿ ಇರುತ್ತದೆ.

ಒಂದು ಫಾರಂ ‘ಶಿಕ್ಷೆಯಾಗಿದೆಯೇ?’ ಎಂದು ಕೇಳಬಹುದು. ಇನ್ನೊಂದು ‘ಎಂದಾದರೂ ಬಂಧನವಾಗಿದೆಯೇ?’ ಎನ್ನಬಹುದು. ಮೂರನೆಯದು ‘ಟ್ರಾಫಿಕ್ ದಂಡ ಬಿಟ್ಟು’ ಎಂದು ಸೇರಿಸಿ, ‘ಆದರೆ ಮದ್ಯಕ್ಕೆ ಸಂಬಂಧಿಸಿದ್ದನ್ನು ಹೇಳಲೇಬೇಕು’ ಎಂದು ಬಾಲ ಅಂಟಿಸಬಹುದು. ಒಂದಕ್ಕೆ ‘ಇಲ್ಲ’ ಅನ್ನುವುದು ನಿಜವಾದ ಉತ್ತರವಾದರೆ ಇನ್ನೊಂದಕ್ಕೆ ಅದೇ ‘ಇಲ್ಲ’ ಸುಳ್ಳಾಗುತ್ತದೆ. ಮಾತು ವರ್ಷದಿಂದ ವರ್ಷಕ್ಕೂ ಬದಲಾಗುತ್ತದೆ. ಹೋದ ವರ್ಷ ಸೀನಿಯರ್ ತುಂಬಿದ ಉತ್ತರವನ್ನು ಸುಮ್ನೆ ಕಾಪಿ ಮಾಡಬೇಡಿ.

ದಾಖಲೆ ಅಳಿಸಿಹೋದ ಕೇಸುಗಳದ್ದು ಇನ್ನೂ ಗೋಜಲು. ಅಮೆರಿಕದಲ್ಲಿ ಕೆಲವು ರಾಜ್ಯಗಳ ಕೋರ್ಟುಗಳು ಹಳೇ ದಾಖಲೆಯನ್ನು ತೆಗೆದುಹಾಕುತ್ತವೆ, ಇಲ್ಲವೇ ಮುಚ್ಚಿ ಸೀಲ್ ಮಾಡುತ್ತವೆ. ಇದಕ್ಕೆ ಎಕ್ಸ್‌ಪಂಜ್ ಮಾಡುವುದು ಅನ್ನುತ್ತಾರೆ. ಹಾಗೆ ಅಳಿಸಿದ್ದನ್ನು ಕೆಲವು ಅರ್ಜಿಗಳು ಕೇಳುವುದಿಲ್ಲ. ಕೆಲವು ರಾಜ್ಯಗಳ ಲೈಸೆನ್ಸ್ ಮಂಡಳಿಗಳು ‘ಅಳಿಸಿದ್ದರೂ ಹೇಳಿ’ ಎನ್ನುತ್ತವೆ. ವೀಸಾ ಫಾರಂ ಅಂತೂ ಯಾವ ವಿನಾಯಿತಿಯನ್ನೂ ಕೊಡುವುದಿಲ್ಲ.

ಕೋರ್ಟು ಒಂದು ಕಡೆಯಾದರೆ ಕಾಲೇಜು ಇನ್ನೊಂದು ಕಡೆ. ಕ್ಯಾಂಪಸ್‌ನಲ್ಲಿ ಕುಡಿದು ಸಿಕ್ಕಿಬಿದ್ದರೆ ವಿಶ್ವವಿದ್ಯಾಲಯವೂ ತನ್ನದೇ ಶಿಸ್ತು ಕ್ರಮ ಕೈಗೊಳ್ಳಬಹುದು. ಕೋರ್ಟಿನಲ್ಲಿ ಕೇಸು ಬಿದ್ದುಹೋದರೂ ಆ ಕ್ರಮ ಹಾಗೇ ಉಳಿಯುತ್ತದೆ. ಆಮ್ಕಾಸ್ ಅದನ್ನು ಬೇರೆಯೇ ಪ್ರಶ್ನೆಯಾಗಿ ಕೇಳುತ್ತದೆ. ಕೇಸು ವಜಾ ಆಯಿತಲ್ಲ ಎಂದು ನಿಟ್ಟುಸಿರು ಬಿಟ್ಟವರು ಮರೆಯುವುದು ಇದನ್ನೇ.

ಹೇಳದಿದ್ದರೆ ಹೇಗೆ ಗೊತ್ತಾಗುತ್ತದೆ?

ಗೊತ್ತಾಗುತ್ತದೆ. ಸೀಟು ಕೊಡುತ್ತೇವೆ ಎಂದ ಮೇಲೆ, ಸೇರುವ ಮೊದಲು, ಸ್ಕೂಲ್‌ಗಳು ದೇಶದಾದ್ಯಂತದ ಅಪರಾಧ ದಾಖಲೆಗಳನ್ನು ಹುಡುಕಿಸುತ್ತವೆ. ಈ ಕೆಲಸಕ್ಕೆ ಎಎಎಂಸಿ ಒಂದು ಖಾಸಗಿ ಸಂಸ್ಥೆಯನ್ನು ಗೊತ್ತು ಮಾಡಿದೆ. ವರದಿ ಮೊದಲು ಅಭ್ಯರ್ಥಿಯ ಕೈಗೇ ಬರುತ್ತದೆ. ತಪ್ಪಿದ್ದರೆ ತಿದ್ದಿಸಲು ಕೆಲವು ದಿನ ಕೊಟ್ಟು ಆಮೇಲೆ ಸ್ಕೂಲ್‌ಗೆ ಕಳಿಸುತ್ತಾರೆ.

ಮದುವೆ ಮಾತುಕತೆಯಲ್ಲಿ ಹುಡುಗನ ಮನೆಯವರನ್ನು ಎಲ್ಲ ಕೇಳಿ ಹೋದವರು ಆಮೇಲೆ ಪಕ್ಕದ ಬೀದಿಯಲ್ಲೂ ವಿಚಾರಿಸುತ್ತಾರಲ್ವಾ, ಹಾಗೆ ಇದು. ಅವರು ಹೋಲಿಸಿ ನೋಡುವುದು ಎರಡು ಉತ್ತರಗಳನ್ನು. ಹುಡುಗನೇ ಹೇಳಿಕೊಂಡಿದ್ದರೆ ಮಾತು ಮುಂದುವರಿಯುತ್ತದೆ. ಬೀದಿಯಿಂದಲೇ ಗೊತ್ತಾದರೆ ಸಂಬಂಧ ಮುರಿಯುತ್ತದೆ. ಅರ್ಜಿಯಲ್ಲಿ ಸುಳ್ಳು ಹೇಳಿದ್ದು ಸಿಕ್ಕಿದರೆ ಕೊಟ್ಟ ಸೀಟನ್ನೂ ಹಿಂದಕ್ಕೆ ಪಡೆಯಬಹುದು. ಸೇರಿದ ಮೇಲೆ ಸಿಕ್ಕಿದರೆ ಹೊರಹಾಕಲೂಬಹುದು.

ಸಮಿತಿ ಏನನ್ನು ತೂಗುತ್ತದೆ?

ಎಲ್ಲರಿಗೂ ಒಂದೇ ನಿಯಮ ಇಲ್ಲ. ಪ್ರತಿ ಸ್ಕೂಲ್‌ನ ಆಯ್ಕೆ ಸಮಿತಿ ತನ್ನ ವಿವೇಚನೆಯಿಂದ ತೀರ್ಮಾನಿಸುತ್ತದೆ. ಆದರೂ ಯಾವುದು ಮುಖ್ಯ ಅನ್ನುವುದನ್ನು ಊಹಿಸುವುದು ಕಷ್ಟವಲ್ಲ. ಕೇಸು ಆಗಿ ಎಷ್ಟು ಕಾಲವಾಯಿತು? ಒಂದೇ ಸಲವಾ, ಇನ್ನೊಂದೂ ಇದೆಯಾ? ಯಾರಿಗಾದರೂ ಪೆಟ್ಟಾಯಿತಾ? ಬಿಎಸಿ ಮಿತಿಯ ಅಂಚಿನಲ್ಲಿತ್ತಾ, ಎರಡು ಪಟ್ಟು ಇತ್ತಾ? ಎರಡು ಕೇಸು ಇದ್ದರೆ ಅದು ‘ಒಂದು ರಾತ್ರಿಯ ತಪ್ಪು’ ಅನ್ನಿಸುವುದಿಲ್ಲ, ಕುಡಿತದ ಚಟದ ಗುರುತು ಅನ್ನಿಸುತ್ತದೆ. ಹದಿನೆಂಟರಲ್ಲಿ ಆದದ್ದಕ್ಕೂ ಅರ್ಜಿ ಹಾಕುವ ಆರು ತಿಂಗಳ ಮುಂಚೆ ಆದದ್ದಕ್ಕೂ ಅಜಗಜಾಂತರ. ಈಗಷ್ಟೇ ಆಗಿದ್ದರೆ ಒಂದೆರಡು ವರ್ಷ ತಡೆದು ಅರ್ಜಿ ಹಾಕುವುದೇ ಮೇಲು. ನಡೆದುಕೊಂಡು ತೋರಿಸಲು ಸಮಯ ಬೇಕಲ್ಲ.

ವಿವರಣೆ ಬರೆಯಲು ಫಾರಂನಲ್ಲಿ ಪುಟಕ್ಕೂ ಕಡಿಮೆ ಜಾಗ ಕೊಟ್ಟಿರುತ್ತಾರೆ. ಕಥೆ ಹೇಳಲು ಅದು ಸಾಲದು. ನಾನೇ ಕಟ್ಟಿದ ಎರಡು ಮಾದರಿ ನೋಡಿ.

‘ಅಂದು ಗೆಳೆಯನ ಹುಟ್ಟುಹಬ್ಬ. ಎಲ್ಲರೂ ಒತ್ತಾಯ ಮಾಡಿದರು. ನಾನು ಸಾಮಾನ್ಯವಾಗಿ ಕುಡಿಯುವವನಲ್ಲ. ದುರದೃಷ್ಟಕ್ಕೆ ಪೊಲೀಸರು ತಡೆದರು.’

‘2021ರ ಮೇ ತಿಂಗಳಲ್ಲಿ ಕುಡಿದು ಕಾರು ಓಡಿಸಿದೆ. ಬಿಎಸಿ 0.11 ಇತ್ತು. ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡೆ. ಆರು ತಿಂಗಳು ಡ್ರೈವಿಂಗ್ ಲೈಸೆನ್ಸ್ ಅಮಾನತಾಗಿತ್ತು. ಕೋರ್ಟು ಹೇಳಿದ ತರಗತಿಗಳನ್ನು ಮುಗಿಸಿದೆ. ಆಮೇಲೆ ಕುಡಿದ ದಿನ ಗಾಡಿಯ ಕೀ ಮುಟ್ಟಿಲ್ಲ.’

ಮೊದಲನೆಯದರಲ್ಲಿ ತಪ್ಪು ಗೆಳೆಯರದ್ದು, ಅದೃಷ್ಟದ್ದು, ಪೊಲೀಸರದ್ದು. ಬರೆದವನದ್ದು ಮಾತ್ರ ಅಲ್ಲ. ಎರಡನೆಯದು ಒಣಗಿದ ವರದಿಯಂತಿದೆ ನಿಜ, ಆದರೆ ಓದುವವರಿಗೆ ಬೇಕಾದ್ದೆಲ್ಲ ಅದರಲ್ಲಿದೆ. ಕೋರ್ಟಿನ ಕಾಗದದಲ್ಲಿ ಇರುವ ತಾರೀಕು, ಅಂಕಿ ಇಲ್ಲಿಯೂ ಅದೇ ಇರಬೇಕು. ಅರ್ಜಿ ಕಳಿಸಿದ ಮೇಲೆ ಹೊಸ ಕೇಸು ಆದರೂ ಸುಮ್ಮನಿರುವ ಹಾಗಿಲ್ಲ. ಕೆಲವೇ ದಿನಗಳ ಗಡುವಿನೊಳಗೆ ಸ್ಕೂಲ್‌ಗಳಿಗೆ ತಿಳಿಸಬೇಕು.

ರೆಸಿಡೆನ್ಸಿ ಮತ್ತು ಲೈಸೆನ್ಸ್

ರೆಸಿಡೆನ್ಸಿಗೆ ಅರ್ಜಿ ಹೋಗುವುದು ಇರಾಸ್ ಎಂಬ ವ್ಯವಸ್ಥೆಯಲ್ಲಿ, ಸೆಪ್ಟೆಂಬರ್ ಹೊತ್ತಿಗೆ. ಅಲ್ಲೂ ಅಪರಾಧದ ಪ್ರಶ್ನೆ ಬರುತ್ತದೆ. ಮಾರ್ಚ್‌ನಲ್ಲಿ ಮ್ಯಾಚ್ (ಯಾರಿಗೆ ಯಾವ ಆಸ್ಪತ್ರೆ ಎಂಬ ಹಂಚಿಕೆ), ಜುಲೈ ಆರಂಭಕ್ಕೆ ಕೆಲಸ. ನಡುವಿನ ಮೂರೂವರೆ ತಿಂಗಳಲ್ಲಿ ಆಸ್ಪತ್ರೆ ಹಿನ್ನೆಲೆ ಪರಿಶೀಲಿಸಬೇಕು, ಅನೇಕ ರಾಜ್ಯಗಳಲ್ಲಿ ವೈದ್ಯ ಮಂಡಳಿಯಿಂದ ತರಬೇತಿ ಲೈಸೆನ್ಸ್ ಸಿಗಬೇಕು, ಹೊರದೇಶದವರಿಗೆ ವೀಸಾ ಆಗಬೇಕು. ಮಂಡಳಿ ಬೆರಳಚ್ಚು ತೆಗೆದುಕೊಂಡು ದಾಖಲೆ ತರಿಸುತ್ತದೆ. ಇವುಗಳಲ್ಲಿ ಒಂದು ಕಡೆ ಕಡತ ನಿಂತರೂ ಜುಲೈ ಕೈತಪ್ಪಬಹುದು.

ಮಂಡಳಿಗೆ ಇರುವ ಚಿಂತೆ ಒಂದೇ: ಈ ವ್ಯಕ್ತಿಗೆ ಕುಡಿತದ ಕಾಯಿಲೆ ಇದೆಯಾ? ಅನುಮಾನ ಬಂದರೆ ‘ಫಿಜಿಶಿಯನ್ ಹೆಲ್ತ್ ಪ್ರೋಗ್ರಾಂ’ಗೆ ಕಳಿಸುತ್ತದೆ. ವೈದ್ಯರಿಗಾಗಿಯೇ ಇರುವ, ಬಹುತೇಕ ಎಲ್ಲ ರಾಜ್ಯಗಳಲ್ಲೂ ನಡೆಯುವ ವ್ಯವಸ್ಥೆ ಇದು. ಅಲ್ಲಿ ತಜ್ಞರು ತಪಾಸಣೆ ಮಾಡುತ್ತಾರೆ. ಕಾಯಿಲೆ ಇಲ್ಲ ಎಂದಾದರೆ ಅಲ್ಲಿಗೇ ಮುಗಿಯಬಹುದು. ಇದೆ ಎಂದಾದರೆ ಚಿಕಿತ್ಸೆ, ಆಮೇಲೆ ಸಾಮಾನ್ಯವಾಗಿ ಐದು ವರ್ಷದ ನಿಗಾ.

ಆ ನಿಗಾ ಹೇಗಿರುತ್ತದೆ ಗೊತ್ತಾ? ಯಾವ ದಿನ ಎಂದು ಮೊದಲೇ ಹೇಳದೆ ಮೂತ್ರ ಪರೀಕ್ಷೆಗೆ ಕರೆಯುತ್ತಾರೆ. ಇಟಿಜಿ ಎಂಬ ಪರೀಕ್ಷೆ ಮೂರು ದಿನದ ಹಿಂದೆ ಕುಡಿದದ್ದನ್ನೂ ಹಿಡಿಯಬಲ್ಲದು. ರಕ್ತದ ಪೆತ್ ಪರೀಕ್ಷೆ ಎರಡು ಮೂರು ವಾರ ಹಿಂದಕ್ಕೆ ಹೋಗುತ್ತದೆ. ಇಟಿಜಿ ಎಷ್ಟು ಸೂಕ್ಷ್ಮ ಅಂದರೆ ಮದ್ಯಸಾರದ ಸ್ಯಾನಿಟೈಸರ್ ಪದೇ ಪದೇ ಹಚ್ಚಿಕೊಂಡರೂ ಸುಳಿವು ಕಾಣಿಸಬಹುದು. ದಿನವಿಡೀ ಕೈಗೆ ಸ್ಯಾನಿಟೈಸರ್ ಹಚ್ಚುವ ಡಾಕ್ಟರ ಪಾಡು ಕೇಳಬೇಕಾ! ಅದಕ್ಕೇ ಆ ಒಂದು ಪರೀಕ್ಷೆಯನ್ನೇ ನಂಬಿ ತೀರ್ಪು ಕೊಡಬಾರದು ಎಂದು ತಜ್ಞರು ಎಚ್ಚರಿಸಿದ್ದಾರೆ.

ಬಿಗಿ ಇದ್ದರೂ ಫಲ ಚೆನ್ನಾಗಿದೆ. 2008ರಲ್ಲಿ ಪ್ರಕಟವಾದ ಒಂದು ಅಧ್ಯಯನ 16 ರಾಜ್ಯಗಳ ಇಂಥ ಕಾರ್ಯಕ್ರಮಗಳಿಗೆ ಸೇರಿದ್ದ 904 ವೈದ್ಯರನ್ನು ಐದು ವರ್ಷ ಹಿಂಬಾಲಿಸಿತು. ಏನಾದರು ಎಂದು ತಿಳಿದುಬಂದವರಲ್ಲಿ ನೂರಕ್ಕೆ 78ಕ್ಕೂ ಹೆಚ್ಚು ಮಂದಿ ಐದನೇ ವರ್ಷ ಲೈಸೆನ್ಸ್ ಸಮೇತ ಕೆಲಸದಲ್ಲಿದ್ದರು. ಅವರು ಕುಡಿತ ಅಥವಾ ಮಾದಕ ವಸ್ತುವಿನ ಕಾಯಿಲೆ ಇದ್ದವರು. ಬರೀ ಒಂದು ಡಿಯುಐ ಇರುವವರ ಸ್ಥಿತಿ ಅದಕ್ಕಿಂತ ಹಗುರವೇ.

ವೀಸಾ: ಇಲ್ಲಿ ಬಂಧನವೇ ಸಾಕು

ಅಮೆರಿಕದ ಪ್ರಜೆಗೂ ಹೊರಗಿನವರಿಗೂ ದಾರಿ ಕವಲೊಡೆಯುವುದು ಇಲ್ಲಿ. 2015ರ ನವೆಂಬರ್‌ನಲ್ಲಿ ವಿದೇಶಾಂಗ ಇಲಾಖೆ ತನ್ನ ಅಧಿಕಾರಿಗಳಿಗೆ ಒಂದು ಸೂಚನೆ ಕಳಿಸಿತು. ಹಿಂದಿನ ಐದು ವರ್ಷದಲ್ಲಿ ಡಿಯುಐಗೆ ಬಂಧನವಾಗಿದ್ದರೂ ಸಾಕು, ಇರುವ ವೀಸಾವನ್ನು ರದ್ದು ಮಾಡಬಹುದು ಎಂದು. ಶಿಕ್ಷೆಯಾಗುವ ತನಕ ಕಾಯಬೇಕಿಲ್ಲ.

ವೀಸಾ ಎಂದರೆ ಒಳಗೆ ಬರಲು ಬಾಗಿಲಲ್ಲಿ ತೋರಿಸುವ ಪರವಾನಗಿ. ಒಳಗೆ ಬಂದ ಮೇಲೆ ಇರುವ ಹಕ್ಕು ಬೇರೆ, ಅದನ್ನು ಸ್ಟೇಟಸ್ ಅನ್ನುತ್ತಾರೆ. ವೀಸಾ ರದ್ದಾದ ಮಾತ್ರಕ್ಕೆ ಸ್ಟೇಟಸ್ ತಾನಾಗಿ ಹೋಗುವುದಿಲ್ಲ. ಹಾಗಾಗಿ ರೆಸಿಡೆಂಟ್ ಡಾಕ್ಟರ್ ಕೆಲಸ ಮುಂದುವರಿಸುತ್ತಿರಬಹುದು. ಆದರೆ ತಂಗಿಯ ಮದುವೆಗೆಂದು ಊರಿಗೆ ಬಂದರೆ ವಾಪಸ್ ಹೋಗಲು ಹೊಸ ವೀಸಾ ಬೇಕು. ಅದು ಒಂದೆರಡು ವಾರದಲ್ಲಿ ಸಿಗುತ್ತದೆ ಅನ್ನುವ ಭರವಸೆ ಯಾರೂ ಕೊಡಲಾರರು. 2025ರ ವಸಂತದಲ್ಲಿ ಸಣ್ಣಪುಟ್ಟ ಕೇಸು ಇದ್ದ ಎಷ್ಟೋ ವಿದ್ಯಾರ್ಥಿಗಳ ಸ್ಟೇಟಸ್ ದಾಖಲೆಯನ್ನೂ ಸರ್ಕಾರ ಕೊನೆಗೊಳಿಸಿತ್ತು. ಕೋರ್ಟುಗಳಲ್ಲಿ ದಾವೆಗಳು ಬಿದ್ದ ಮೇಲೆ ಅವನ್ನು ಮರಳಿ ಕೊಟ್ಟರು.

ಹೊರದೇಶದ ವೈದ್ಯರು ರೆಸಿಡೆನ್ಸಿಗೆ ಹೋಗುವುದು ಹೆಚ್ಚಾಗಿ ಜೆ-1 ವೀಸಾದಲ್ಲಿ. ಕೆಲವರಿಗೆ ಎಚ್-1ಬಿ ಸಿಗುತ್ತದೆ. ಎರಡಕ್ಕೂ ತುಂಬಬೇಕಾದ ಫಾರಂ ಡಿಎಸ್-160. ಯಾವುದೇ ಅಪರಾಧಕ್ಕೆ ಎಂದಾದರೂ ಬಂಧನ ಅಥವಾ ಶಿಕ್ಷೆ ಆಗಿದೆಯೇ, ಕ್ಷಮೆ ಸಿಕ್ಕಿದ್ದರೂ ಹೇಳಿ ಅನ್ನುತ್ತದೆ ಅದು. ಯಾವ ದೇಶದಲ್ಲಿ ಎಂಬ ಮಿತಿ ಇಲ್ಲ.

ಐದು ವರ್ಷದೊಳಗೆ ಒಂದು, ಅಥವಾ ಹತ್ತು ವರ್ಷದೊಳಗೆ ಎರಡು ಕುಡಿತದ ಕೇಸು ಇದ್ದರೆ ವೀಸಾ ಅಧಿಕಾರಿ ಅರ್ಜಿದಾರರನ್ನು ಕಾನ್ಸುಲೇಟ್ ಗೊತ್ತು ಮಾಡಿದ ವೈದ್ಯರ ಬಳಿ ಕಳಿಸಬೇಕು. ಅವರು ನೋಡುವುದು ಕುಡಿತದ ಕಾಯಿಲೆ ಇದೆಯೇ, ಅದರಿಂದ ಇತರರಿಗೆ ಅಪಾಯವಿದೆಯೇ ಎಂದು. ಕಾಯಿಲೆ ಇದೆ ಎಂದು ಬರೆದರೆ 12 ತಿಂಗಳು ಅದರಿಂದ ಹೊರಬಂದು ತೋರಿಸುವವರೆಗೆ ವೀಸಾ ಆಗದಿರಬಹುದು. ಇಷ್ಟಾದರೂ ಒಂದು ಸಾಧಾರಣ ಡಿಯುಐ ಜೀವನಪೂರ್ತಿ ಬಾಗಿಲು ಮುಚ್ಚುವ ಅಪರಾಧಗಳ ಸಾಲಿನಲ್ಲಿ ಇಲ್ಲ. ವೀಸಾ ಪಡೆಯಲು ಮುಖ್ಯ ವಿಷಯದಲ್ಲಿ ಸುಳ್ಳು ಹೇಳಿದ್ದು ಮಾತ್ರ ಆ ಸಾಲಿನಲ್ಲಿದೆ.

ಬೆಂಗಳೂರಿನಲ್ಲಿ ಕಟ್ಟಿದ ದಂಡ

ವಾರಾಂತ್ಯದ ರಾತ್ರಿ ಬ್ಯಾರಿಕೇಡ್ ಹಾಕಿ ಪೊಲೀಸರು ಊದಿಸುತ್ತಾರೆ. ಅಂಕಿ 30 ದಾಟಿದರೆ ಗಾಡಿ ಅಲ್ಲೇ ಬಿಟ್ಟು ಹೋಗಬೇಕು. ಆಮೇಲೆ ಕೋರ್ಟಿಗೆ ಹೋಗಿ ದಂಡ ಕಟ್ಟಿ ಬಿಡಿಸಿಕೊಂಡು ಬರುವುದು. ‘ಫೈನ್ ಕಟ್ಟಿದೆ ಅಷ್ಟೇ, ಕೇಸೇನೂ ಇಲ್ಲ’ ಅನ್ನುವುದು ನಮ್ಮಲ್ಲಿ ಮಾಮೂಲಿ ಮಾತು.

ಕಾನೂನು ಹಾಗೆ ಹೇಳುವುದಿಲ್ಲ. ಮೋಟಾರು ವಾಹನ ಕಾಯ್ದೆಯ 185ನೇ ಸೆಕ್ಷನ್ ಪ್ರಕಾರ ಮೊದಲ ಸಲಕ್ಕೆ ಆರು ತಿಂಗಳವರೆಗೆ ಜೈಲು, ಅಥವಾ 10,000 ರೂಪಾಯಿ ದಂಡ, ಅಥವಾ ಎರಡೂ. ಹೆಲ್ಮೆಟ್ ಇಲ್ಲದ್ದಕ್ಕೆ ರಸ್ತೆಯಲ್ಲೇ ರಸೀದಿ ಹರಿಸಿಕೊಂಡ ಹಾಗಲ್ಲ ಇದು. ಕೋರ್ಟಿನಲ್ಲಿ ತಪ್ಪು ಒಪ್ಪಿ ದಂಡ ಕಟ್ಟಿದರೆ ಅದೇ ಶಿಕ್ಷೆ. ಡಿಎಸ್-160 ತುಂಬುವಾಗ ‘ಶಿಕ್ಷೆಯಾಗಿದೆಯೇ?’ ಎಂದರೆ ಇದನ್ನು ಮರೆತು ‘ಇಲ್ಲ’ ಒತ್ತುವ ಹಾಗಿಲ್ಲ. ಕೋರ್ಟಿನ ಆದೇಶದ ದೃಢೀಕೃತ ಪ್ರತಿ ತೆಗೆಸಿ ಇಟ್ಟುಕೊಳ್ಳಿ. ಹಳೇ ಕಡತದಿಂದ ಅದನ್ನು ಹುಡುಕಿಸಲು ಎಷ್ಟು ಸಲ ಅಲೆಯಬೇಕು ಅನ್ನುವುದು ಕೋರ್ಟು ಮೆಟ್ಟಿಲು ಹತ್ತಿದವರಿಗೆ ಗೊತ್ತು. ವೀಸಾ ಸಂದರ್ಶನದ ದಿನ ಗೊತ್ತಾದ ಮೇಲೆ ಓಡಾಡಿದರೆ ತಡವಾಗುತ್ತದೆ.

ಕೇಸು ಇನ್ನೂ ನಡೆಯುತ್ತಿದ್ದರೆ

ಅಮೆರಿಕದಲ್ಲಿ ವಕೀಲರು ಸಾಮಾನ್ಯವಾಗಿ ರಾಜಿ ಸೂತ್ರ ತರುತ್ತಾರೆ. ಕ್ಯಾಲಿಫೋರ್ನಿಯಾದಲ್ಲಿ ಡಿಯುಐ ಆರೋಪವನ್ನು ಅಜಾಗರೂಕ ಚಾಲನೆಗೆ ಇಳಿಸಿಕೊಳ್ಳುವುದುಂಟು. ಆಡುಮಾತಿನಲ್ಲಿ ಅದಕ್ಕೆ ‘ವೆಟ್ ರೆಕ್‌ಲೆಸ್’ ಎಂದು ಹೆಸರು. ದಂಡ ಕಡಿಮೆಯಾಗುತ್ತದೆ, ಆದರೆ ಕುಡಿತದ ಉಲ್ಲೇಖ ದಾಖಲೆಯಲ್ಲಿ ಉಳಿಯುತ್ತದೆ. ಕ್ರಿಮಿನಲ್ ವಕೀಲರಿಗೆ ಅದು ಒಳ್ಳೆಯ ಫಲ. ವೈದ್ಯ ಮಂಡಳಿ ಅದನ್ನೇ ಬೇರೆ ಥರ ಓದಬಹುದು.

ಹೊರದೇಶದವರಿಗೆ ತಪ್ಪೊಪ್ಪಿಗೆಯಿಂದ ಗಡೀಪಾರಿನ ಅಪಾಯ ಇದೆಯೇ ಎಂದು ಅವರ ಕ್ರಿಮಿನಲ್ ವಕೀಲರು ತಿಳಿಸಲೇಬೇಕು ಎಂದು ಅಲ್ಲಿನ ಸುಪ್ರೀಂ ಕೋರ್ಟು 2010ರಲ್ಲಿ ಹೇಳಿದೆ. ಆದರೆ ವೀಸಾ ನವೀಕರಣ, ರೆಸಿಡೆನ್ಸಿ ಅರ್ಜಿ, ರಾಜ್ಯದ ಲೈಸೆನ್ಸ್ ಇವೆಲ್ಲ ಆ ವಕೀಲರ ಲೆಕ್ಕದಲ್ಲಿ ಇರಬೇಕೆಂದಿಲ್ಲ. ಸಹಿ ಹಾಕುವ ಮೊದಲೇ ವಲಸೆ ಕಾನೂನು ಬಲ್ಲ ಇನ್ನೊಬ್ಬ ವಕೀಲರಿಗೂ, ಸಾಧ್ಯವಾದರೆ ಲೈಸೆನ್ಸ್ ಕೇಸುಗಳನ್ನು ನಡೆಸುವವರಿಗೂ ಕಾಗದ ತೋರಿಸಿ. ಕೋರ್ಟಿನ ಮುಂದೆ ಒಮ್ಮೆ ಒಪ್ಪಿಕೊಂಡದ್ದನ್ನು ಹಿಂದಕ್ಕೆ ಪಡೆಯುವುದು ಬಹಳ ಕಷ್ಟ.